ಕಪಾಟಿನಲ್ಲಿ ಕುಳಿತ ಗಣಿತದ ಪೆಟ್ಟಿಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ರಾಯಾಪುರ ಸಿಗುತ್ತದೆ. ಅಲ್ಲಿ ಅಕ್ಷಯ ಪಾತ್ರ ಸಂಸ್ಥೆಯ ದೊಡ್ಡ ಅಡಿಗೆಮನೆ ಇದೆ. ಸಾವಿರಾರು ಮಕ್ಕಳ ಊಟ ಅಲ್ಲಿ ಬೇಯುತ್ತದೆ. ಗಾಡಿಗಳು ಅದನ್ನು ಶಾಲೆ ಶಾಲೆಗೆ ಮುಟ್ಟಿಸುತ್ತವೆ. ಇದಕ್ಕೆ ಸರಕಾರ ಧಾನ್ಯ, ಹಣ ಕೊಡುತ್ತದೆ. ದಾನಿಗಳೂ ಕೊಡುತ್ತಾರೆ.

ಯಾವುದೋ ಶಾಲೆಗೆ ಒಂದು ದಿನ ಊಟ ಬರಲಿಲ್ಲ ಅಂದುಕೊಳ್ಳಿ. ಸಂಜೆ ಮಗು ಬಂದು ಏನು ಹೇಳುತ್ತದೆ? "ಯವ್ವಾ, ಇವತ್ತ ಸಾಲ್ಯಾಗ ಊಟ ಕೊಡಲಿಲ್ಲ" ಅನ್ನುತ್ತದೆ. ಹೊತ್ತು ಮುಳುಗುವುದರೊಳಗೆ ಇಡೀ ಓಣಿಗೆ ಗೊತ್ತಾಗುತ್ತದೆ.

ಶಾಲೆಗೆ ದಾನವಾಗಿ ಬರುವುದು ಊಟ ಒಂದೇ ಅಲ್ಲ. ಪಾಟಿ, ನೋಟ್‌ಬುಕ್, ನಕಾಶೆ, ಕಥೆ ಪುಸ್ತಕ, ಗಣಿತದ ಪೆಟ್ಟಿಗೆ ಬರುತ್ತವೆ. ಅವು ಕಪಾಟಿನಲ್ಲೇ ಉಳಿದರೆ ಮಗು ಮನೆಯಲ್ಲಿ ಹೇಳುವುದಿಲ್ಲ. ಕಣ್ಣಿಗೇ ಬೀಳದ ವಸ್ತುವನ್ನು ಅದು ಹೇಗೆ ಕೇಳೀತು?

ಗಣಿತದ ಪೆಟ್ಟಿಗೆಯನ್ನೇ ನೋಡೋಣ. ಬೆಂಗಳೂರಿನ ಅಕ್ಷರ ಫೌಂಡೇಶನ್ 2011ರಲ್ಲಿ ಹೊಸಕೋಟೆ ತಾಲೂಕಿನಲ್ಲಿ 'ಗಣಿತ ಕಲಿಕಾ ಆಂದೋಲನ' ಶುರು ಮಾಡಿತು. ಮುಂದೆ ಸರಕಾರದ ಜೊತೆ ಸೇರಿ ಬೇರೆ ಜಿಲ್ಲೆಗಳ ಸರಕಾರಿ ಶಾಲೆಗಳಿಗೂ ಅದನ್ನು ಒಯ್ದಿತು. ಅವರು ಕೊಡುವ ಪೆಟ್ಟಿಗೆಯಲ್ಲಿ ಮಣಿಕಟ್ಟು ಇದೆ, ಗಡಿಯಾರ ಇದೆ, ಅಳತೆ ಪಟ್ಟಿ ಇದೆ. ಆಟದ ನೋಟುಗಳೂ ಇವೆ. ನೋಡಿದರೆ ಆಟದ ಸಾಮಾನು. ಆದರೆ ಅದರ ಕೆಲಸ ದೊಡ್ಡದು.

ಹಲಗೆಯ ಮೇಲೆ ಲೆಕ್ಕ ಇದೆ. 52ರಲ್ಲಿ 27 ಕಳೆಯಬೇಕು. ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಯಾಕೆ? 2ರಲ್ಲಿ 7 ಹೋಗುವುದಿಲ್ಲ. ಅದಕ್ಕೆ ಮಗು ತಿರುವಿ ಹಾಕಿ 7ರಲ್ಲಿ 2 ಕಳೆಯುತ್ತದೆ. "ಪಕ್ಕದ ಮನೆಯಿಂದ ಸಾಲ ತಗೋ" ಎಂದು ಗುರುಗಳು ಹೇಳಿರುತ್ತಾರೆ. ಯಾವ ಮನೆ, ಎಂಥ ಸಾಲ, ಮಗುವಿಗೆ ತಿಳಿದಿರುವುದಿಲ್ಲ. ನಮಗೂ ಕಲಿಯುವಾಗ ತಿಳಿದಿರಲಿಲ್ಲ ಬಿಡಿ.

ಈಗ ಮಗುವಿನ ಕೈಗೆ ಹತ್ತರ 5 ನೋಟು, ಒಂದರ 2 ನೋಟು ಕೊಡಿ. 27 ರೂಪಾಯಿ ಕೇಳಿ. ಬಿಡಿ ರೂಪಾಯಿ ಸಾಲುವುದಿಲ್ಲ. ಮಗು ಒಂದು ಹತ್ತರ ನೋಟು ಮುರಿಸುತ್ತದೆ. ಬಿಡಿ ರೂಪಾಯಿ 12 ಆಯಿತು. 7 ಕೊಟ್ಟರೆ 5 ಉಳಿಯಿತು. ಹತ್ತರ ನೋಟು 4 ಇದ್ದವು, 2 ಕೊಟ್ಟರೆ 2 ಉಳಿದವು. ಲೆಕ್ಕ 25. ಸಂತೆಯಲ್ಲಿ ನೀವು ದಿನಾ ಮಾಡುವುದೂ ಇದನ್ನೇ ಅಲ್ಲವೇ ಅಕ್ಕಾ?

ಅರ್ಧ, ಕಾಲು ಕಲಿಸುವಾಗಲೂ ಹೀಗೆಯೇ. 4 ದೊಡ್ಡ ಅಂಕಿ, ಅದಕ್ಕೆ ಕಾಲು ಭಾಗ ಅರ್ಧಕ್ಕಿಂತ ದೊಡ್ಡದು ಎಂದು ಮಗು ತಿಳಿಯುತ್ತದೆ. ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ ಸಾಕು. ಪೆಟ್ಟಿಗೆ ಇಲ್ಲವೇ? ಜೋಳದ ರೊಟ್ಟಿ ಮುರಿದು ತೋರಿಸಿ.

ಇಂಥ ಪೆಟ್ಟಿಗೆಗೆ ಬೀಗ ಯಾಕೆ ಬೀಳುತ್ತದೆ? ಇದು ಹಳೆಯ ರೋಗ. ಕೇಂದ್ರ ಸರಕಾರ 1987ರಲ್ಲಿ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆ ತಂದಿತು. ಪ್ರಾಥಮಿಕ ಶಾಲೆಗಳಿಗೆ ಕರಿಹಲಗೆ, ನಕಾಶೆ, ಆಟಿಕೆ ಕೊಟ್ಟಿತು. ಆಗಲೂ ಎಷ್ಟೋ ಸಾಮಾನು ಕಪಾಟಿನಿಂದ ಹೊರಗೆ ಬರಲಿಲ್ಲ. ಗುರುಗಳದೇ ತಪ್ಪು ಅನ್ನಬೇಡಿ. ಶಾಲೆಯ ಸಾಮಾನಿಗೆ ದಾಸ್ತಾನು ಪುಸ್ತಕ ಇರುತ್ತದೆ. ಮುರಿದರೆ, ಕಳೆದರೆ ಅವರು ಉತ್ತರ ಕೊಡಬೇಕು. ಮಕ್ಕಳ ಕೈಗೆ ಕೊಟ್ಟಿರಾ ಎಂದು ಕೇಳುವವರು ಕಡಿಮೆ.

ಕೇಳುವವರು ನಾವೇ ಆಗಬೇಕು. ಸರಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯ 4 ಪಾಲಿನಲ್ಲಿ 3 ಪಾಲು ಮಕ್ಕಳ ತಂದೆತಾಯಂದಿರು ಇರಬೇಕು. ಅರ್ಧ ಜನ ಹೆಂಗಸರು ಇರಬೇಕು. ಬರೀ ಹೆಬ್ಬೆಟ್ಟು ಒತ್ತಿ ಬರುವ ಕಾಲ ನಿಮಗೆ ಮುಗಿಯಿತು. ದಾಸ್ತಾನು ಪುಸ್ತಕ ತೆರೆದರೆ ಪೆಟ್ಟಿಗೆಯ ಹೆಸರನ್ನು ನೀವೇ ಓದಬಲ್ಲಿರಿ.

ಜಗಳ ಬೇಡ. ಹೀಗೆ ಕೇಳಿ:

"ಸರ, ಗಣಿತದ ಪೆಟ್ಟಿಗಿ ಹುಡುಗರ ಕೈಗೆ ಕೊಡ್ತೀರೇನ್ರಿ?"

"ಕಳದ್ರ ಲೆಕ್ಕಾ ಯಾರು ಕೊಡಬೇಕವ್ವಾ?"

"ಒಂದು ಮಣಿ ಕಳದ್ರ ನಾವು ಬ್ಯಾರೆ ಪೋಣಿಸಿ ಕೊಡ್ತೀವ್ರಿ. ಸಮಿತಿ ಪುಸ್ತಕದಾಗ ಹಂಗಂತ ಬರಕೋರಿ. ನಾವು ಸಹಿ ಮಾಡ್ತೀವಿ."

ದಾನ ಕೊಡುವವರಿಗೂ ಒಂದು ಮಾತು. ಚೀಲ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ಶಾಲೆಗೆ ಏನು ಬೇಕು ಎಂದು ಮೊದಲು ಕೇಳಿ. 40 ಮಕ್ಕಳ ವರ್ಗಕ್ಕೆ ಒಂದೇ ಪೆಟ್ಟಿಗೆ ಕೊಟ್ಟರೆ ಹಿಂದೆ ಕುಳಿತವರಿಗೆ ಏನು ಸಿಗುತ್ತದೆ?

ಮಾಡಿ ನೋಡಿ

ಜೋಳದ ದಂಟಿನ 43 ಕಡ್ಡಿ ಮಾಡಿ. ಹತ್ತು ಹತ್ತು ಸೇರಿಸಿ 4 ಕಟ್ಟು ಕಟ್ಟಿ. 3 ಕಡ್ಡಿ ಬಿಡಿಯಾಗಿ ಇಡಿ. ಮಗುವನ್ನು ಕರೆದು, 18 ಕಡ್ಡಿ ಕೊಡು ಎಂದು ಕೇಳಿ. ಅದು ತಾನಾಗಿ ಒಂದು ಕಟ್ಟು ಬಿಚ್ಚುವವರೆಗೆ ನೀವು ಸುಮ್ಮನೆ ಕುಳಿತಿರಿ. ಉಳಿದ ಕಡ್ಡಿ ಎಷ್ಟು ಎಂದು ಇಬ್ಬರೂ ಪಾಟಿಯ ಮೇಲೆ ಬರೆಯಿರಿ.