ಅವ್ವನ ಪಾಸ್‌ಬುಕ್ಕಿನ ಸಣ್ಣ ಸಾಲುಗಳು

2024ರ ಸಂಕ್ರಾಂತಿಗೆ ತಿಪಟೂರಿನ ಮನೆಗೆ ಹೋದಾಗ ಅವ್ವ ಊಟವಾದ ಮೇಲೆ ಪಾಸ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ‘ನೀನು ತಿಂಗಳಾ ಹಾಕ್ತೀನಿ ಅಂತೀಯ. ನಾನು ತೆಗೆದದ್ದು ಗೋಡೆ ಕ್ಯಾಲೆಂಡರಲ್ಲಿ ಬರೆದಿಟ್ಟೀನಿ. ಎರಡೂ ತಾಳೆ ಆಗ್ತಿಲ್ಲ ಕಣವ್ವ, ದುಡ್ಡು ಎಲ್ಲೋ ಸೋರ್ತಾ ಐತೆ’ ಎಂದಳು. ವಯಸ್ಸಾಯಿತು, ಲೆಕ್ಕ ತಪ್ಪಿರಬೇಕು ಎಂದು ನಾನು ಅಂದುಕೊಂಡೆ. ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ ಎಂಬುದೊಂದೇ ಸಮಾಧಾನ, ಯಾಕೆಂದರೆ ತಪ್ಪಿದ್ದು ಅವಳ ಲೆಕ್ಕ ಅಲ್ಲವೇ ಅಲ್ಲ.

ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ವರ್ಷ ಕಳೆದಿತ್ತು. ಮರುದಿನ ಶಾಖೆಗೆ ಹೋಗಿ ಸಾಲಿನಲ್ಲಿ ನಿಂತು ಎಂಟ್ರಿ ಹಾಕಿಸಿದೆವು. ನಾಲ್ಕು ಪುಟ ಬಂತು. ಮನೆಗೆ ಬಂದು ಜಗಲಿಯ ಮೇಲೆ ಕೂತು, 2023ರ ಜನವರಿಯಿಂದ ಡಿಸೆಂಬರ್‌ವರೆಗೆ ಬ್ಯಾಂಕು ತಾನೇ ಕಡಿದುಕೊಂಡ ಪ್ರತಿ ಸಾಲಿಗೂ ಕೆಂಪು ಗುರುತು ಹಾಕಿದೆ. ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ ಶುಲ್ಕ 17.70, ನಾಲ್ಕು ಸಲ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ 177. ಕನಿಷ್ಠ ಸರಾಸರಿ ಬ್ಯಾಲೆನ್ಸ್ ಇಲ್ಲದ್ದಕ್ಕೆ 59 ರೂಪಾಯಿ, ಐದು ತಿಂಗಳು. ಉಚಿತ ಮಿತಿ ದಾಟಿ ಎಟಿಎಂ ಬಳಸಿದ್ದಕ್ಕೆ 24.78, ಒಂಬತ್ತು ಸಲ. ಒಟ್ಟು 765 ರೂಪಾಯಿ 82 ಪೈಸೆ. ಅದೇ ವರ್ಷ ಅವಳ ದುಡ್ಡಿಗೆ ಬ್ಯಾಂಕು ಕೊಟ್ಟ ಬಡ್ಡಿ 138 ರೂಪಾಯಿ.

ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಳ್ಳುವ ನನಗೆ 765 ರೂಪಾಯಿ ದೊಡ್ಡದಾಗಿ ಕಾಣದೆ ಹೋಗಬಹುದು. ಅವ್ವನಿಗೆ ಅದು ಒಂದು ತಿಂಗಳ ಬಿಪಿ ಮಾತ್ರೆ ಮತ್ತು ಒಂದು ತಿಂಗಳ ಹಾಲಿನ ದುಡ್ಡು. ಈ ಶುಲ್ಕಗಳ ಬಗ್ಗೆ ನನಗೆ ಇರುವ ದೊಡ್ಡ ತಕರಾರೇ ಇದು: ಲಕ್ಷ ರೂಪಾಯಿ ಇಟ್ಟವರ ಖಾತೆಯಲ್ಲಿ ಈ ಸಾಲುಗಳಲ್ಲಿ ಹೆಚ್ಚಿನವು ಮೂಡುವುದೇ ಇಲ್ಲ. ಕಡಿಮೆ ಇದ್ದವರ ಖಾತೆಯನ್ನೇ ಹುಡುಕಿಕೊಂಡು ಬರುತ್ತವೆ.

ಒಂದೊಂದು ಸಾಲಿನ ಬೆನ್ನು ಹತ್ತಿ ಹೋದರೆ ಕಾರಣ ಸಿಗುತ್ತದೆ. ಎಟಿಎಂ ವಿಷಯವನ್ನೇ ನೋಡಿ. ನಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ವಹಿವಾಟು ಉಚಿತ. ಬೇರೆ ಬ್ಯಾಂಕಿನದ್ದಾದರೆ ಬೆಂಗಳೂರಿನಂಥ ಮೆಟ್ರೊ ನಗರದಲ್ಲಿ ಮೂರು, ಉಳಿದ ಕಡೆ ಐದು. ಅವ್ವ ತಿಂಗಳಿಗೆ ಐದು ಸಲ ದುಡ್ಡು ತೆಗೆಯುವವಳೇ ಅಲ್ಲ. ಆದರೆ ಬಸ್ ನಿಲ್ದಾಣದ ಹತ್ತಿರದ ಬೇರೆ ಬ್ಯಾಂಕಿನ ಯಂತ್ರಕ್ಕೆ ಹೋಗಿ ಮೊದಲು ಬ್ಯಾಲೆನ್ಸ್ ನೋಡುತ್ತಿದ್ದಳು, ಆಮೇಲೆ ಐನೂರು ತೆಗೆಯುತ್ತಿದ್ದಳು, ಸರಿಯಾಗಿ ಕಟ್ಟಾಗಿದೆಯೋ ಎಂದು ಮತ್ತೊಮ್ಮೆ ಬ್ಯಾಲೆನ್ಸ್ ನೋಡುತ್ತಿದ್ದಳು. ಬ್ಯಾಲೆನ್ಸ್ ನೋಡುವುದೂ ಒಂದು ವಹಿವಾಟು ಎಂದು ಲೆಕ್ಕ. ಎರಡೇ ಭೇಟಿಗೆ ಆರು ಮುಗಿಯುತ್ತಿದ್ದವು. ಎಚ್ಚರಿಕೆಯ ಹೆಂಗಸು ಎಂಬುದಕ್ಕೇ ಅವಳು ದಂಡ ತೆತ್ತಂತಾಯಿತು. ಆಗ 21 ರೂಪಾಯಿ ಇದ್ದ ಈ ಶುಲ್ಕದ ಮಿತಿ 2025ರ ಮೇ 1ರಿಂದ 23 ಆಗಿದೆ, ಜಿಎಸ್‌ಟಿ ಸೇರಿದರೆ 27.14. ಬ್ಯಾಲೆನ್ಸ್ ತಿಳಿಯಲು ಬ್ಯಾಂಕಿನ ಮಿಸ್ಡ್ ಕಾಲ್ ನಂಬರ್ ಇರುತ್ತದೆ, ಅದಕ್ಕೆ ಬಿಡಿಗಾಸು ಖರ್ಚಿಲ್ಲ. ಅವ್ವನ ಫೋನಿನಲ್ಲಿ ಅದನ್ನು ‘ಬ್ಯಾಂಕು’ ಎಂದು ಸೇವ್ ಮಾಡಿಕೊಟ್ಟೆ.

ಇನ್ನೂ ಒಂದು ಮಾತು ಇಲ್ಲೇ ಹೇಳಬೇಕು. ಯಂತ್ರದಲ್ಲಿ ದುಡ್ಡಿಲ್ಲದೆಯೋ ತಾಂತ್ರಿಕ ತೊಂದರೆಯಿಂದಲೋ ವಹಿವಾಟು ಬಿದ್ದುಹೋದರೆ ಅದು ಉಚಿತ ಲೆಕ್ಕಕ್ಕೆ ಸೇರುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಖಾತೆಯಲ್ಲಿ ಕಟ್ಟಾಗಿ ಕೈಗೆ ದುಡ್ಡು ಬರದಿದ್ದರೆ ಐದು ದಿನದೊಳಗೆ ಬ್ಯಾಂಕು ತಾನಾಗಿ ಮರಳಿಸಬೇಕು. ಅಲ್ಲಿಂದ ಮುಂದೆ ತಡವಾದ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ನಮಗೆ ಸಲ್ಲಬೇಕು. ಇದನ್ನು ನಮ್ಮ ಬೀದಿಯಲ್ಲಿ ಹತ್ತು ಜನಕ್ಕೆ ಹೇಳಿದ್ದೇನೆ. ಒಬ್ಬರಿಗೂ ಮೊದಲೇ ಗೊತ್ತಿರಲಿಲ್ಲ.

ಎಸ್‌ಎಂಎಸ್ ಶುಲ್ಕದ ಕತೆ ನನಗೆ ಹೆಚ್ಚು ನೋವು ಕೊಟ್ಟಿತು. ಖಾತೆಗೆ ಅಲ್ಲಿಯವರೆಗೆ ಜೋಡಿಸಿದ್ದದ್ದು ತೀರಿಹೋದ ಅಪ್ಪನ ಮೊಬೈಲ್ ನಂಬರ್. ರೀಚಾರ್ಜ್ ಇಲ್ಲದೆ ಆ ಸಿಮ್ ಸತ್ತು ಎರಡು ವರ್ಷವಾಗಿತ್ತು. ಬ್ಯಾಂಕಿನ ಸಂದೇಶಗಳು ಯಾರಿಗೂ ತಲುಪದೆ ಹೋಗುತ್ತಿದ್ದವು, ಶುಲ್ಕ ಮಾತ್ರ ಅವ್ವನಿಂದ ಹೋಗುತ್ತಿತ್ತು. ಬಳಕೆಯಿಲ್ಲದ ನಂಬರನ್ನು ಕಂಪನಿಗಳು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಆಗ ಒಟಿಪಿ ಯಾರ ಕೈಗೆ ಹೋಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮನೆಯಲ್ಲಿ ಒಬ್ಬರು ತೀರಿಕೊಂಡಾಗ ತಿಥಿ, ಪಹಣಿ, ಪೌತಿ ಖಾತೆ ಎಲ್ಲ ನೆನಪಾಗುತ್ತದೆ. ಬ್ಯಾಂಕಿನಲ್ಲಿ ಮೊಬೈಲ್ ನಂಬರ್ ಬದಲಿಸುವುದು ನೆನಪಾಗುವುದಿಲ್ಲ.

ಇನ್ನು ಕನಿಷ್ಠ ಬ್ಯಾಲೆನ್ಸು. ಆ ಶಾಖೆಯಲ್ಲಿ ತಿಂಗಳ ಸರಾಸರಿ 2,000 ರೂಪಾಯಿ ಇರಬೇಕಿತ್ತು. ನಮ್ಮ ಕಡೆ ಕೊಬ್ಬರಿ ಬೆಳೆಯುವವರ ಕೈಯಲ್ಲಿ ದುಡ್ಡು ತಿಂಗಳಿಗೊಮ್ಮೆ ಆಡುವುದಿಲ್ಲ. ಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮಾರಿದ ದಿನ ಖಾತೆ ತುಂಬುತ್ತದೆ, ಸೊಸೈಟಿ ಸಾಲ ತೀರಿಸಿದ ದಿನ ಬರಿದಾಗುತ್ತದೆ, ಮತ್ತೆ ಮುಂದಿನ ಅಟ್ಟದವರೆಗೆ ಹೇಗೋ ತೂಗಿಸಬೇಕು. ಇಂಥ ಬದುಕಿಗೆ ತಿಂಗಳ ಸರಾಸರಿ ಎಂಬ ಅಳತೆಯೇ ಒಗ್ಗುವುದಿಲ್ಲ. ಆದರೂ ಅಳತೆ ಏನೆಂದು ತಿಳಿದಿದ್ದರೆ ಸ್ವಲ್ಪ ದಾರಿಯಿದೆ. ಪ್ರತಿ ದಿನದ ಕೊನೆಗೆ ಉಳಿದ ಮೊತ್ತಗಳನ್ನು ಕೂಡಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ, ಅಷ್ಟೆ. 30 ದಿನ 2,000 ಇಡುವುದೂ ಒಂದೇ, 10,000 ರೂಪಾಯಿಯನ್ನು ಆರು ದಿನ ಇಟ್ಟು ಉಳಿದ ದಿನ ಖಾಲಿ ಬಿಡುವುದೂ ಒಂದೇ. ಸೊಸೈಟಿಗೆ ಕಟ್ಟಲು ಗಡುವು ಇನ್ನೂ ವಾರವಿದ್ದಾಗ ಅವ್ವ ಕೊಬ್ಬರಿ ದುಡ್ಡು ಬಂದ ಮಾರನೇ ದಿನವೇ ತೆಗೆದು ಕಟ್ಟಿಬಿಟ್ಟಿದ್ದಳು. ಸಾಲ ಇಟ್ಟುಕೊಂಡು ನಿದ್ದೆ ಮಾಡುವ ಜಾಯಮಾನ ಅವಳದಲ್ಲ. ಆ ತಿಂಗಳೂ 59 ರೂಪಾಯಿ ಹೋಗಿತ್ತು.

ಈ ದಂಡಕ್ಕೂ ಕಟ್ಟುಪಾಡುಗಳಿವೆ. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ಸೂಚನೆಯ ಪ್ರಕಾರ, ಬ್ಯಾಲೆನ್ಸ್ ಕಡಿಮೆಯಾಗಿದೆ ಎಂದು ಬ್ಯಾಂಕು ಮೊದಲು ಗ್ರಾಹಕರಿಗೆ ತಿಳಿಸಬೇಕು, ಸರಿಪಡಿಸಿಕೊಳ್ಳಲು ಒಂದು ತಿಂಗಳು ಕೊಡಬೇಕು. ದಂಡ ಎಷ್ಟು ಕೊರತೆಯಿದೆಯೋ ಅದಕ್ಕೆ ತಕ್ಕಷ್ಟಿರಬೇಕು. ಈ ದಂಡವೊಂದರಿಂದಲೇ ಖಾತೆ ಮೈನಸ್ಸಿಗೆ ಇಳಿಯಕೂಡದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಅವ್ವನನ್ನು ಕರೆದುಕೊಂಡು ಮತ್ತೆ ಶಾಖೆಗೆ ಹೋದೆ.

ಕೌಂಟರಿನಲ್ಲಿದ್ದವರು ಒಳ್ಳೆಯ ಮನುಷ್ಯರೇ. ‘ಸಿಸ್ಟಮ್ಮೇ ಕಟ್ ಮಾಡತ್ತೆ ಮೇಡಂ, ನಮ್ಮ ಕೈಲಿಲ್ಲ’ ಎಂದರು. ಹಾಗಾದರೆ ಇದನ್ನು ಝೀರೋ ಬ್ಯಾಲೆನ್ಸ್ ಖಾತೆ ಮಾಡಿಕೊಡಿ ಎಂದೆ. ‘ಅದು ಬಿಪಿಎಲ್ ಕಾರ್ಡಿನವರಿಗೆ, ಜನಧನದವರಿಗೆ’ ಎಂದರು. ಇಲ್ಲಿಯೇ ಹೆಚ್ಚಿನವರು ವಾಪಸ್ ಬಂದುಬಿಡುತ್ತಾರೆ. ಮೂಲ ಉಳಿತಾಯ ಖಾತೆ ಎಂಬುದನ್ನು 2012ರಲ್ಲಿ ರಿಸರ್ವ್ ಬ್ಯಾಂಕ್ ಎಲ್ಲರಿಗೂ ಎಂದೇ ತಂದದ್ದು. ಆದಾಯ ಇಷ್ಟಿರಬೇಕು, ವಯಸ್ಸು ಇಷ್ಟಿರಬೇಕು ಎಂಬ ಷರತ್ತಿಲ್ಲ. ಕನಿಷ್ಠ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ಶುಲ್ಕವಿಲ್ಲ, ಜಮೆಗೆ ಮಿತಿಯಿಲ್ಲ, ತಿಂಗಳಿಗೆ ಕಡೇಪಕ್ಷ ನಾಲ್ಕು ಸಲ ಹಣ ತೆಗೆಯುವುದು ಉಚಿತ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು ಎಂಬುದೊಂದೇ ಗಮನಿಸಬೇಕಾದ ಷರತ್ತು. ಇರುವ ಖಾತೆಯನ್ನು ಬರೆದುಕೊಟ್ಟು ಇದಕ್ಕೆ ಬದಲಿಸಿಕೊಳ್ಳಬಹುದು. ಬಾಯಿಮಾತಿನಲ್ಲಿ ವಾದ ಬೆಳೆಸದೆ ಕನ್ನಡದಲ್ಲೇ ಎರಡು ಅರ್ಜಿ ಬರೆದೆ. ಒಂದು ಖಾತೆ ಬದಲಿಸಲು, ಇನ್ನೊಂದು ನೋಟಿಸ್ ತಲುಪದೆ ಕಡಿದ ದಂಡ ಮರಳಿಸಲು. ಎರಡರ ನಕಲಿಗೂ ಸೀಲು, ತಾರೀಕು ಹಾಕಿಸಿಕೊಂಡೆ. ಅವ್ವ ನಿಧಾನವಾಗಿ, ಒಂದೊಂದೇ ಅಕ್ಷರ ತಿದ್ದಿ, ಸಹಿ ಮಾಡಿದಳು.

ಆ ಸೀಲಿಗೆ ತೂಕವಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಒಂದು ರೂಪಾಯಿಯೂ ಶುಲ್ಕವಿಲ್ಲ, ವಕೀಲರೂ ಬೇಡ. ದಾರಿ ಕೇಳಲು 14448 ಎಂಬ ನಂಬರಿದೆ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಮೂರನೇ ವಾರಕ್ಕೆ 295 ರೂಪಾಯಿ ಖಾತೆಗೆ ಮರಳಿತು, ಖಾತೆಯೂ ಬದಲಾಯಿತು. ಎಸ್‌ಎಂಎಸ್ ಮತ್ತು ಎಟಿಎಂ ದುಡ್ಡು ಬರಲಿಲ್ಲ. ಎಟಿಎಂನದು ನ್ಯಾಯವಾಗಿ ನಮ್ಮದೇ ತಪ್ಪು. ಎಸ್‌ಎಂಎಸ್‌ನದು ಹಾಗಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ಅವ್ವನ ಖಾತೆ ನೋಡಿದ ಮೇಲೆ ನನ್ನದನ್ನು ನೋಡದೆ ಇರಲಾಗಲಿಲ್ಲ. ಮೂರು ಕೆಲಸ ಬದಲಿಸಿದ್ದೆ, ಮೂರು ಕಡೆ ಸಂಬಳದ ಖಾತೆ ತೆರೆಸಿದ್ದರು. ಕೆಲವು ತಿಂಗಳು ಸಂಬಳ ಬೀಳದಿದ್ದರೆ ಇಂಥ ಖಾತೆ ಸದ್ದಿಲ್ಲದೆ ಸಾಮಾನ್ಯ ಖಾತೆಯಾಗುತ್ತದೆ, ಕನಿಷ್ಠ ಬ್ಯಾಲೆನ್ಸ್ ಶುರುವಾಗುತ್ತದೆ. ಒಂದರಲ್ಲಿ 6,400 ರೂಪಾಯಿ ಬಿಟ್ಟು ಬಂದಿದ್ದೆ. ಎರಡು ವರ್ಷ ತುಂಬುವಷ್ಟರಲ್ಲಿ 900 ಉಳಿದಿತ್ತು. ಸಂದೇಶಗಳು ನನಗೆ ಬಂದಿದ್ದವು, ನಾನು ಓದಿರಲಿಲ್ಲ. ಎರಡು ವರ್ಷ ವಹಿವಾಟಿಲ್ಲದ ನಿಷ್ಕ್ರಿಯ ಖಾತೆಗೆ ಈ ದಂಡ ಹಾಕುವಂತಿಲ್ಲ, ಅದನ್ನು ಮತ್ತೆ ಚಾಲನೆ ಮಾಡಲೂ ಶುಲ್ಕ ಕೇಳುವಂತಿಲ್ಲ ಎಂಬ ನಿಯಮವಿದೆ. ಆದರೆ ಆ ಎರಡು ವರ್ಷ ಕಳೆಯುವುದರೊಳಗೇ ದುಡ್ಡು ಕರಗಿಹೋಗಿರುತ್ತದೆ. ಎರಡು ಖಾತೆ ಮುಚ್ಚಿಸಿದೆ. ಮುಚ್ಚಿಸುವ ಮೊದಲು ಅದರಿಂದ ತಾನಾಗಿ ಕಟ್ಟಾಗುವ ಕಂತು, ಪ್ರೀಮಿಯಂ ಏನಿದೆ ಎಂದು ಪಟ್ಟಿ ಮಾಡಿಕೊಂಡದ್ದು ಒಳ್ಳೆಯದಾಯಿತು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮೆ ಮತ್ತು 436 ರೂಪಾಯಿಯ ಜೀವನ ಜ್ಯೋತಿ ಬಿಮೆ ಎರಡು ಖಾತೆಗಳಿಂದ ಹೋಗುತ್ತಿದ್ದವು. ಇವನ್ನು ಒಬ್ಬರು ಒಂದೇ ಖಾತೆಯಿಂದ ಮಾಡಿಸಬೇಕು. ಎರಡು ಕಡೆ ಕಟ್ಟಿದರೂ ಪರಿಹಾರ ದುಪ್ಪಟ್ಟಾಗುವುದಿಲ್ಲ, ಕಟ್ಟಿದ್ದು ವ್ಯರ್ಥ.

ಸ್ಕೂಟರ್ ಸಾಲದ ಕಂತು 5ನೇ ತಾರೀಕು, ನನ್ನ ಸಂಬಳ 7ಕ್ಕೆ. ಒಂದು ತಿಂಗಳು ಎಡವಿ ಕಂತು ಬೌನ್ಸ್ ಆಗಿ ಬ್ಯಾಂಕು 590 ಕಡಿಯಿತು, ಸಾಲ ಕೊಟ್ಟವರು ಬೇರೆ ದಂಡ ಹಾಕಿದರು. ತಾರೀಕು 10ಕ್ಕೆ ಬದಲಿಸಿ ಎಂದು ಒಂದು ಪತ್ರ ಬರೆದೆ, ಬದಲಿಸಿದರು. ಅಷ್ಟು ಸುಲಭದ ಕೆಲಸವನ್ನು ಸಾಲ ತೆಗೆದ ದಿನವೇ ಕೇಳಬಹುದಿತ್ತು.

ಕರಾವಳಿಯ ನೆನಪೊಂದನ್ನು ಇಲ್ಲಿ ತರದೆ ಇರಲಾರೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆಬಾಗಿಲಿಗೆ, ಅಂಗಡಿಗೆ ಬಂದು ಪಡೆಯುತ್ತಿದ್ದರು. ಮೀನು ಮಾರುವವರು, ಬೀಡಿ ಕಟ್ಟುವವರು, ಹೂವಿನವರು ಕೂಡಿಟ್ಟ ಚಿಲ್ಲರೆಯಿಂದ ಒಂದು ದೊಡ್ಡ ಬ್ಯಾಂಕು ಬೆಳೆಯಿತು. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಮ್ಮ ಓಣಿಗೂ ನಾನು ಚಿಕ್ಕವಳಿದ್ದಾಗ ಪಿಗ್ಮಿಯವರು ಸೈಕಲ್ ಮೇಲೆ ಬರುತ್ತಿದ್ದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ಕೊಟ್ಟು ‘ಚೀಟಿ ಬರಕೊಡಪ್ಪ’ ಎನ್ನುತ್ತಿದ್ದಳು. ಸಣ್ಣ ದುಡ್ಡಿಗೆ ಬ್ಯಾಂಕು ಬಾಗಿಲಿಗೆ ಬರುತ್ತಿದ್ದ ನಾಡಿನಲ್ಲಿ, ಸಣ್ಣ ದುಡ್ಡು ಇಟ್ಟದ್ದಕ್ಕೆ ದಂಡ ಹಾಕುವ ಕಾಲ ಬಂದದ್ದು ನನ್ನನ್ನು ಕಾಡುತ್ತದೆ.

ಗಾಳಿ ಸ್ವಲ್ಪ ತಿರುಗಿರುವುದೂ ನಿಜ. ಸ್ಟೇಟ್ ಬ್ಯಾಂಕು 2020ರ ಮಾರ್ಚಿನಲ್ಲೇ ಉಳಿತಾಯ ಖಾತೆಯ ಕನಿಷ್ಠ ಬ್ಯಾಲೆನ್ಸ್ ಕೈಬಿಟ್ಟಿತು. 2025ರ ಜೂನ್ 1ರಿಂದ ಕೆನರಾ ಬ್ಯಾಂಕು ಬಿಟ್ಟಿತು, ಮುಂದಿನ ತಿಂಗಳು ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ಹಾದಿ ಹಿಡಿದವು. ಉಳಿತಾಯ ಖಾತೆಯವರು ಆನ್‌ಲೈನಿನಲ್ಲಿ ನೆಫ್ಟ್ ಮಾಡಿದರೆ 2020ರ ಜನವರಿಯಿಂದ ಶುಲ್ಕವಿಲ್ಲ. ಖಾಸಗಿ ಬ್ಯಾಂಕುಗಳಲ್ಲಿ ಕನಿಷ್ಠ ಬ್ಯಾಲೆನ್ಸ್ ಹೆಚ್ಚಾಗಿ ಹಾಗೇ ಉಳಿದಿದೆ. ಹೆಚ್ಚಿನ ಕಾರ್ಡುಗಳಿಗೆ ವಾರ್ಷಿಕ ಶುಲ್ಕವೂ ಇದ್ದೇ ಇದೆ. ಬಳಸದ ಕಾರ್ಡಿದ್ದರೆ ವರ್ಷ ತುಂಬುವ ಮೊದಲೇ ರದ್ದು ಮಾಡಿಸಿ. ಶುಲ್ಕ ಬಿದ್ದ ಮೇಲೆ ಕೇಳಿದರೆ ಮಾತು ಉದ್ದವಾಗುತ್ತದೆ.

ಈಗ ಅವ್ವ ತಿಂಗಳ ಮೊದಲ ಸಂತೆಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಾಳೆ. ಸಂಜೆ ಫೋನ್ ಮಾಡಿ ಒಂದೊಂದೇ ಸಾಲು ಓದುತ್ತಾಳೆ, ಇಂಗ್ಲಿಷ್ ಅಕ್ಷರ ಅರ್ಥವಾಗದಿದ್ದರೆ ಬಿಡಿಸಿ ಹೇಳುತ್ತಾಳೆ. ಕಳೆದ ಜೂನಿನಲ್ಲಿ ‘ಇಪ್ಪತ್ತು ರೂಪಾಯಿ ಕಟ್ಟಾಗೈತೆ, ಇದ್ಯಾತರದು?’ ಎಂದು ಕೇಳಿದಳು. ಸುರಕ್ಷಾ ಬಿಮೆಯದು, ಅಪಘಾತದಲ್ಲಿ ನಿನಗೇನಾದರೂ ಆದರೆ ನನಗೆ ಎರಡು ಲಕ್ಷ ಕೊಡುತ್ತಾರೆ, ಬೇಡವೆಂದರೆ ನಿಲ್ಲಿಸಬಹುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಇದು ಇರ್ಲಿ ಬಿಡು’ ಎಂದು ಮುಂದಿನ ಸಾಲು ಓದಿದಳು.