ಹೆಣ್ಣುಮಕ್ಕಳೂ ಈಜು ಕಲಿಯಲಿ

ತೊಗರ್ಸಿಯ ಸೀಮೆಯಲ್ಲಿ ಗಂಡುಹುಡುಗರು ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿಯುವುದುಂಟು. ಬಟ್ಟೆ ಒಗೆಯಲು ಅದೇ ಕೆರೆಗಿಳಿಯುವ ಹೆಣ್ಣುಮಕ್ಕಳಿಗೆ ಕಲಿಸುವವರು ವಿರಳ.

ಕಟ್ಟಿದ ಈಜುಕೊಳದಲ್ಲಿ ಆಳವು ಗೊತ್ತು, ಹಿಡಿಯಲು ಗೋಡೆಯುಂಟು. ಕೆರೆಯಲ್ಲಾದರೋ ಹೂಳು, ಜೊಂಡು, ಮಣ್ಣು ತೆಗೆದ ಗುಂಡಿಗಳು ಕಣ್ಣಿಗೆ ಕಾಣವು. ಆದುದರಿಂದ ಮೊದಲನೆಯ ಪಾಠವು ತೇಲುವುದು. ಎದೆತುಂಬ ಉಸಿರೆಳೆದು ಅಂಗಾತ ಮಲಗಿದರೆ ಮುಖವು ನೀರಿನ ಮೇಲೆ ನಿಲ್ಲುವುದು. ಗಾಬರಿಯಿಂದ ಕೈಗಳನ್ನು ಮೇಲೆತ್ತಿದರೆ ತಲೆಯು ಮುಳುಗುವುದು. ಮುಳುಗುವವರನ್ನು ಕಂಡಾಗ ತಾವು ಹಾರದೆ, ದಡದಿಂದಲೇ ಸೀರೆಯನ್ನೋ ಗಳುವನ್ನೋ ಚಾಚತಕ್ಕದ್ದು.

2024ರಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಗು ಎಂಬ ಬಾಲಿಕೆಯು 14ನೆಯ ವಯಸ್ಸಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈಜಿದಳು. ನಾವು ಬೇಡುವುದು ಅಷ್ಟು ದೊಡ್ಡದಲ್ಲ. ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರೇ, ಬರುವ ಬೇಸಿಗೆಯಲ್ಲಿ ಈಜು ಬಲ್ಲವರನ್ನು ಬಳಿಯಲ್ಲಿರಿಸಿಕೊಂಡು, ನಿಮ್ಮ ಮಗಳನ್ನು ಸೊಂಟಮಟ್ಟದ ನೀರಿಗಿಳಿಸಿರಿ.