ನೀರು ಹಿಂಡಿದರೆ ಅರ್ಧ ಅಡುಗೆ ಆದ ಹಾಗೆ

ಮಗೂ, ಪಶ್ಚಿಮ ತಾಂಬರಂನಲ್ಲಿ ಕೋಣೆ ಹಿಡಿದು ನೀನೇ ಒಲೆ ಹಚ್ಚುತ್ತಿದ್ದೀಯ ಎಂದು ನಿನ್ನಮ್ಮ ಹೇಳಿದಳು, ಬಹಳ ಸಂತೋಷವಾಯಿತು. ಸೋಯಾ ಹುರಿದರೆ ಒಳಗೆಲ್ಲ ನೀರು, ಹೊರಗೆ ಮಸಾಲೆ ಹಸಿಹಸಿ ಅಂದೆಯಂತೆ. ಈ ಊರಲ್ಲೇ ಸಂಸಾರ ಮಾಡಿದವಳು ನಾನು, ಇಲ್ಲಿನ ನೀರು ಬಿಸಿಲು ಎರಡನ್ನೂ ಬಲ್ಲೆ. ಈ ದೊಡ್ಡಮ್ಮನ ಮಾತು ಕೇಳಿ ಮಾಡಿ ನೋಡು.

• ಸ್ಟೇಷನ್ನಿನ ಪಶ್ಚಿಮಕ್ಕೆ ಷಣ್ಮುಗಂ ರಸ್ತೆಯ ಮಾರುಕಟ್ಟೆ ಇದೆಯಲ್ಲ, ಅಲ್ಲಿ ಸೋಯಾ ಉಂಡೆಗೆ ‘ಮೀಲ್ ಮೇಕರ್’ ಎಂದು ಕೇಳು. ಒಣಗಿಸಿ ಹುರಿಯುವುದಕ್ಕೆ ಸಣ್ಣ ಉಂಡೆಯೇ ಸರಿ. ದೊಡ್ಡದೇ ಸಿಕ್ಕರೆ ಬೆಂದ ಮೇಲೆ ಎರಡು ಹೋಳು ಮಾಡಿಕೋ. ಬಿಡಿಯಾಗಿ ತೂಗಿ ಕೊಟ್ಟರೆ ಒಮ್ಮೆ ಮೂಸಿ ನೋಡು, ಕಮಟು ವಾಸನೆ ಇದ್ದರೆ ಬೇಡ.

• ಸೋಯಾದಿಂದ ಎಣ್ಣೆ ತೆಗೆದ ಮೇಲೆ ಉಳಿದ ಹಿಟ್ಟನ್ನು ಯಂತ್ರದಲ್ಲಿ ಬಿಸಿ ಮಾಡಿ ಒತ್ತಿ ಹೊರಗೆ ಬಿಟ್ಟಾಗ ಉಬ್ಬಿಕೊಳ್ಳುವುದೇ ಈ ಉಂಡೆ. 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು. ಅದಕ್ಕೇ ಬಾಣಲೆಗೆ ಎಣ್ಣೆ ಹಾಕುವಾಗ ಕೈ ಹಿಡಿಯಬೇಡ. 100 ಗ್ರಾಂ ಒಣ ಉಂಡೆಗೆ ಮೂರು ದೊಡ್ಡ ಚಮಚ ಬೇಕೇ ಬೇಕು. ಮೂರು ಜನಕ್ಕೆ ಅಷ್ಟು ಸಾಕು.

• ಬೋರ್‌ವೆಲ್ ನೀರಿನಲ್ಲಿ ಬೇಯಿಸಬೇಡ. ನಮ್ಮ ಕಡೆ ಎಷ್ಟೋ ಬೀದಿಗಳಲ್ಲಿ ಅದು ಉಪ್ಪುಪ್ಪು. ಸೋಯಾಕ್ಕೆ ಸ್ವಂತ ರುಚಿ ಇಲ್ಲ, ಸ್ಪಂಜಿನ ಹಾಗೆ ಕೊಟ್ಟ ನೀರನ್ನೆಲ್ಲ ಕುಡಿಯುತ್ತದೆ, ಆ ನೀರಿನ ರುಚಿಯೇ ಅದರ ರುಚಿ. ಕುಡಿಯಲು ತರಿಸುವ ಕ್ಯಾನ್ ನೀರಿನಲ್ಲೇ ಒಂದು ಲೀಟರ್ ಬಳಸು, ಅದರಲ್ಲಿ ಜಿಪುಣತನ ಮಾಡಬೇಡ.

• ನೀರು ಕುದಿ ಬಂದ ಮೇಲೆ ಒಂದು ಚಮಚ ಉಪ್ಪು, ಚಿಟಿಕೆ ಅರಿಸಿನ ಹಾಕಿ ಉಂಡೆ ಸುರಿ. ಐದು ನಿಮಿಷ ಕುದಿಸಿ, ಒಲೆ ಆರಿಸಿ, ಇನ್ನೈದು ನಿಮಿಷ ಮುಚ್ಚಿಡು. ಆ ನೀರನ್ನು ಚೆಲ್ಲಿಬಿಡು, ಸಾರಿಗೆ ಸೇರಿಸಬೇಡ. ಹೊಟ್ಟೆಯಲ್ಲಿ ವಾಯು ಮಾಡುವ ಅಂಶ, ಹಸಿ ವಾಸನೆ ಬಹುಪಾಲು ಅದರಲ್ಲೇ ಹೋಗುತ್ತದೆ.

• ಇನ್ನು ಹಿಂಡುವುದು. ನೀನು ಎಡವುತ್ತಿರುವುದು ಇಲ್ಲೇ ಕಣಪ್ಪ. ತಣ್ಣೀರಿನಲ್ಲಿ ಒಮ್ಮೆ ಜಾಲಾಡಿಸಿ, ಹಿಡಿಹಿಡಿಯಾಗಿ ತೆಗೆದುಕೊಂಡು ಎರಡು ಅಂಗೈ ನಡುವೆ ಒತ್ತು. ತಿರುಚಬೇಡ, ಪುಡಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಮೊದಲಿನ ಹಿಡಿಯಿಂದ ಮತ್ತೆ ಶುರು ಮಾಡು, ಆಗಲೂ ನೀರು ಬರುತ್ತದೆ. ಆಮೇಲೆ ಹಳೇ ಹತ್ತಿ ಬಟ್ಟೆಯ ಮೇಲೆ ಹರಡಿದರೆ ಉಳಿದ ನೀರನ್ನು ಬಟ್ಟೆಯೇ ಹೀರಿಕೊಳ್ಳುತ್ತದೆ. ಒಳಗೆ ನೀರಿದ್ದರೆ ಮಸಾಲೆಗೆ ಜಾಗವೆಲ್ಲಿ? ಬಾಣಲೆಗೆ ಬಿದ್ದ ಮೇಲೂ ಹುರಿಯುವುದಿಲ್ಲ, ತನ್ನ ನೀರಿನ ಹಬೆಯಲ್ಲೇ ಬೇಯುತ್ತ ಕೂರುತ್ತದೆ.

• ಹಿಂಡಿದ ತಕ್ಷಣವೇ ಶುಂಠಿ ಬೆಳ್ಳುಳ್ಳಿ ಅರೆದದ್ದು, ಅಚ್ಚಖಾರದ ಪುಡಿ, ಉಪ್ಪು, ಅರ್ಧ ನಿಂಬೆ ಹಣ್ಣಿನ ರಸ ಕಲಸಿ ಇಪ್ಪತ್ತು ನಿಮಿಷ ಬಿಡು. ಮೊಸರು ಹಾಕಬೇಡ, ಮತ್ತೆ ನೀರಾಗುತ್ತದೆ.

• ಮಸಾಲೆ ಪುಡಿ ಅಂಗಡಿಯದು ಬೇಡ. ಎರಡು ಚಮಚ ಕೊತ್ತಂಬರಿ ಬೀಜ, ಒಂದೊಂದು ಚಮಚ ಸೋಂಪು ಮತ್ತು ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಒಂದು ಚೂರು ಚಕ್ಕೆ, ಎರಡು ಲವಂಗ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ. ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು ತರಿತರಿಯಾಗಿ ಪುಡಿ ಮಾಡು. ಬ್ಯಾಡಗಿ ಬಣ್ಣಕ್ಕೆ, ಖಾರಕ್ಕಲ್ಲ. ಊರಿಂದ ಬರುವಾಗ ಕಾಲು ಕೆ.ಜಿ. ತಂದಿಟ್ಟುಕೋ. ಸೋಂಪು ಮಾತ್ರ ಬಿಡಬೇಡ, ತಮಿಳರ ‘ವರುವಲ್’ ಎಂಬ ಹುರಿದ ಪಲ್ಯಕ್ಕೆ ಆ ಪರಿಮಳ ಬರುವುದೇ ಅದರಿಂದ. ನಮ್ಮ ಮನೆಯ ಪಲ್ಯಕ್ಕೆ ನಾನದನ್ನು ಹಾಕಲು ಕಲಿತದ್ದು ಇಲ್ಲಿಗೆ ಬಂದ ಮೇಲೆ.

• ಕಬ್ಬಿಣದ ಬಾಣಲೆ ಇದ್ದರೆ ಒಳ್ಳೆಯದು. ಎಣ್ಣೆ ಕಾದ ಮೇಲೆ ಸಾಸಿವೆ, ಎರಡು ಎಸಳು ಕರಿಬೇವು, ಒಂದು ಹಿಡಿ ಸಾಂಬಾರ್ ಈರುಳ್ಳಿ. ಈರುಳ್ಳಿ ಕೆಂಪಗಾದ ಮೇಲೆಯೇ ಸೋಯಾ. ಒಂದೇ ಪದರವಾಗಿ ಹರಡಿ, ಮಧ್ಯಮ ಉರಿಯಲ್ಲಿಟ್ಟು, ಸುಮ್ಮನೆ ಬಿಡು. ಎರಡು ಮೂರು ನಿಮಿಷಕ್ಕೊಮ್ಮೆ ತಿರುವಿದರೆ ಸಾಕು. ಹತ್ತು ಹನ್ನೆರಡು ನಿಮಿಷಕ್ಕೆ ಅಂಚು ಕಂದು ತಿರುಗುತ್ತದೆ. ಮುಚ್ಚಳ ಮುಚ್ಚಬೇಡ.

• ಪುಡಿ ಉದುರಿಸುವುದು ಕಟ್ಟಕಡೆಗೆ. ಎರಡು ನಿಮಿಷ ಕೈಯಾಡಿಸಿ ಇಳಿಸು, ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

• ಬೀಚ್ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಡಬ್ಬಿ ಹೇಗೆ ಅಲುಗಿದರೂ ಇದು ಚೆಲ್ಲುವುದಿಲ್ಲ, ಮೊಸರನ್ನದ ಜೊತೆಗೆ ಹೇಳಿ ಮಾಡಿಸಿದ್ದು. ಆದರೆ ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕು. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಬೆಳಗಿನದನ್ನು ರಾತ್ರಿಗೆ ಹೊರಗಿಡಬೇಡ. ಬೇಯಿಸಿ ಹಿಂಡಿದ ಸೋಯಾ ಕೂಡ ಕೆಡುತ್ತದೆ, ಉಳಿದರೆ ಫ್ರಿಜ್‌ಗೆ ಹಾಕಿ ಮರುದಿನವೇ ಮುಗಿಸು.

• ಅಮ್ಮ ಬಂದಾಗ ಮಾಡಿ ಬಡಿಸು, ಹಿಗ್ಗುತ್ತಾಳೆ. ಅವಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ, ಸೋಯಾ ಆ ಮಾತ್ರೆ ಮೈಗೆ ಹತ್ತದ ಹಾಗೆ ಮಾಡಬಹುದು. ನಾಲ್ಕು ಗಂಟೆಯಾದರೂ ಅಂತರವಿರಲಿ, ತಿಂಡಿಗೆ ಬೇಡ, ಮಧ್ಯಾಹ್ನದ ಊಟಕ್ಕೆ ಮಾಡು.